ಮಡಗಾಸ್ಕರ್‌ನಲ್ಲಿ ಸುತ್ತಿ ಬಳಸಿ ಮಾತಾಡುವವರು ಗಂಡಸರು

ಇದ್ದದ್ದನ್ನು ಇದ್ದ ಹಾಗೇ ಮುಖಕ್ಕೆ ಹೇಳುವ ಹೆಂಗಸನ್ನು ಕಂಡರೆ ನಮ್ಮ ಕಡೆ "ಅವಳ ನಾಲಿಗೆ ಉದ್ದ" ಅಂತಾರೆ. ಮಡಗಾಸ್ಕರ್ ದ್ವೀಪದ ಮಲಗಾಸಿ ಭಾಷೆಯಲ್ಲಿ ಅದಕ್ಕೆ 'ಲವಲೇಲ' ಅನ್ನುವ ಮಾತಿದೆ. 'ಲವ' ಅಂದರೆ ಉದ್ದ, 'ಲೇಲ' ಅಂದರೆ ನಾಲಿಗೆ. ಎರಡು ಭಾಷೆಗೂ ಯಾವ ನೆಂಟಸ್ತಿಕೆಯೂ ಇಲ್ಲ. ಮಲಗಾಸಿಯ ಹತ್ತಿರದ ಬಳಗ ಇರುವುದು ಇಂಡೋನೇಷ್ಯಾದ ಬೋರ್ನಿಯೋದಲ್ಲಿ. ಆದರೂ ಬೈಗುಳ ಮಾತ್ರ ಅಕ್ಷರಶಃ ಒಂದೇ!

ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಹೆಣ್ಣುಮಗಳು ತಗ್ಗಿಬಗ್ಗಿ, ನಯವಾಗಿ ಮಾತಾಡಬೇಕು ಅನ್ನುವುದು ವಾಡಿಕೆ. ವಾಡಿಕೆ ಮೀರಿದವಳಿಗೆ 'ಉದ್ದ ನಾಲಿಗೆ' ಅನ್ನುವ ಪಟ್ಟ. ಮಡಗಾಸ್ಕರ್‌ನ ಮಧ್ಯದ ಬೆಟ್ಟಸೀಮೆಯಲ್ಲಿ ಹಾಗಲ್ಲ. ಅಲ್ಲಿ ಹೆಂಗಸರು ಅಂದಮೇಲೆ ನಾಲಿಗೆ ಉದ್ದವೇ ಇರುತ್ತದೆ ಅನ್ನುವುದು ಊರಿನ ನಂಬಿಕೆ. ನಯ, ನಾಜೂಕು, ಸುತ್ತಿ ಬಳಸಿ ಹೇಳುವ ಜಾಣತನ, ಇವೆಲ್ಲ ಗಂಡಸರ ಗುಣ.

ಇದನ್ನು ಹತ್ತಿರದಿಂದ ನೋಡಿ ಬರೆದವರು ಎಲಿನರ್ ಓಕ್ಸ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞೆ. ಆಗ ಅವರ ಹೆಸರು ಎಲಿನರ್ ಕೀನನ್. ರಾಜಧಾನಿ ಅಂಟಾನನರಿವೋದಿಂದ ದಕ್ಷಿಣಕ್ಕೆ ವಾಕಿನಂಕರಾಟ್ರ ಅನ್ನುವ ಸೀಮೆ ಇದೆ. ಗದ್ದೆ, ಬೆಟ್ಟ, ಎತ್ತಿನ ಗಾಡಿಗಳ ಊರುಗಳು. 1970ರ ಸುಮಾರಿಗೆ ಅಲ್ಲಿನ ಒಂದು ಹಳ್ಳಿಯಲ್ಲಿ ಅವರು ಇದ್ದು ಬಂದರು. 1974ರಲ್ಲಿ ಆ ಊರಿನ ಗಂಡಸರು, ಹೆಂಗಸರು ಮಾತು ಬಳಸುವ ರೀತಿಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಭಾಷೆ ಮತ್ತು ಲಿಂಗ ಅಂತ ಎಲ್ಲಿ ಪಾಠ ನಡೆದರೂ ಇವತ್ತಿಗೂ ಆ ಹಳ್ಳಿಯ ಉದಾಹರಣೆ ಬಂದೇ ಬರುತ್ತದೆ.

ಯಾಕೆ ಅಷ್ಟು ಹೆಸರಾಯಿತು ಅಂದರೆ, ಅದು ಬಂದ ಹೊತ್ತು ಹಾಗಿತ್ತು. ಒಂದೇ ವರ್ಷ ಹಿಂದೆ, 1973ರಲ್ಲಿ, ರಾಬಿನ್ ಲೇಕಾಫ್ ಅನ್ನುವ ಭಾಷಾವಿಜ್ಞಾನಿ ಅಮೆರಿಕದ ಹೆಂಗಸರ ಮಾತಿನ ಬಗ್ಗೆ ಬರೆದಿದ್ದರು. ಅವರು ಹೇಳಿದ್ದು ಇಷ್ಟು: ಹೆಂಗಸರು ವಾಕ್ಯದ ಕೊನೆಗೆ 'ಅಲ್ವಾ?' ಅಂತ ಸೇರಿಸುತ್ತಾರೆ. 'ಒಂಥರಾ', 'ಅನ್ಸುತ್ತೆ' ಅಂತ ಮಾತನ್ನು ಮೆತ್ತಗೆ ಮಾಡುತ್ತಾರೆ. ಕೇಳಬೇಕಾದ್ದನ್ನು ನೇರವಾಗಿ ಕೇಳದೆ ಬಳಸಿಕೊಂಡು ಕೇಳುತ್ತಾರೆ. ಚಿಕ್ಕಂದಿನಿಂದ ಹಾಗೆ ಮಾತಾಡೋಕೆ ಕಲಿಸಿರುತ್ತಾರೆ. ಕೊನೆಗೆ ಹಾಗೆ ಮಾತಾಡುತ್ತಾರೆ ಅನ್ನುವ ಕಾರಣಕ್ಕೇ ಅವರ ಮಾತಿಗೆ ಬೆಲೆ ಇರಲ್ಲ. ನೇರವಾಗಿ ಮಾತಾಡಿದರೆ 'ಗಂಡುಬೀರಿ' ಅನ್ನಿಸಿಕೊಳ್ಳಬೇಕು. ಅತ್ತ ದರಿ, ಇತ್ತ ಪುಲಿ. ಇದನ್ನು ಓದಿದವರು ಬಹಳ ಜನ ತಲೆದೂಗಿದರು. ಸುತ್ತಿ ಬಳಸಿ ಮಾತಾಡುವುದು ಹೆಣ್ಣಿನ ಸ್ವಭಾವ, ಅದು ದುರ್ಬಲರ ಮಾತು ಅನ್ನುವ ಅಭಿಪ್ರಾಯ ಬೇರು ಬಿಡುತ್ತಿತ್ತು. ಅಷ್ಟರಲ್ಲಿ ಮಡಗಾಸ್ಕರ್‌ನಿಂದ ಪೂರಾ ಉಲ್ಟಾ ಸುದ್ದಿ ಬಂತು.

ಅಲ್ಲಿನ ಗಂಡಸರ ಮಾತು ಹೇಗಿರುತ್ತದೆ ಅನ್ನುವುದಕ್ಕೆ ಒಂದು ಸನ್ನಿವೇಶ ಕಟ್ಟಿಕೊಳ್ಳೋಣ. ಒಬ್ಬನಿಗೆ ಪಕ್ಕದ ಮನೆಯ ಗುದ್ದಲಿ ಬೇಕು. 'ಅಂಗಾಡಿ' ಅಂತಾರೆ ಅಲ್ಲಿ. ಉದ್ದನೆಯ ಹಿಡಿ, ನೀಳವಾದ ಅಲಗು, ಗದ್ದೆ ಅಗೆಯುವುದು ಅದರಲ್ಲೇ. "ಅಂಗಾಡಿ ಕೊಡಪ್ಪಾ" ಅಂದುಬಿಟ್ಟರೆ ಎರಡು ಸೆಕೆಂಡಿನ ಕೆಲಸ. ಆದರೆ ಅವನು ಹಾಗೆ ಕೇಳುವುದಿಲ್ಲ. ಬಂದು ಕೂರುತ್ತಾನೆ. ಮಳೆಯ ವಿಷಯ ಎತ್ತುತ್ತಾನೆ. ಮನೆಮಂದಿಯ ಆರೋಗ್ಯ ವಿಚಾರಿಸುತ್ತಾನೆ. ಈ ಸಲ ಬದು ಕುಸಿದವರ ಕಥೆ ಬರುತ್ತದೆ. "ನಮ್ಮ ಕಡೇ ಗದ್ದೆಯೂ ಅದೇ ಸ್ಥಿತಿ" ಅಂತ ಒಂದು ಮಾತು ನುಸುಳುತ್ತದೆ. ಆಮೇಲೆ ಮತ್ತೆ ಬೇರೆ ಸುದ್ದಿ. ಗುದ್ದಲಿ ಅನ್ನುವ ಪದ ಇನ್ನೂ ಬಂದಿಲ್ಲ. ಇಷ್ಟರಲ್ಲಿ ಮನೆಯವನಿಗೆ ಅರ್ಥ ಆಗಿರುತ್ತದೆ. ಕೊಡುವ ಮನಸ್ಸಿದ್ದರೆ "ನಮ್ಮದು ನಾಳೆ ಸುಮ್ನೆ ಬಿದ್ದಿರುತ್ತೆ" ಅಂತಾನೆ. ಮನಸ್ಸಿಲ್ಲದಿದ್ದರೆ ತನ್ನ ಗದ್ದೆಯ ಕಷ್ಟ ಹೇಳಿಕೊಳ್ಳುತ್ತಾನೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಯಾರೂ ಕೇಳಲಿಲ್ಲ, ಹಾಗಾಗಿ ಯಾರೂ ಇಲ್ಲ ಅನ್ನಲಿಲ್ಲ. ನಾಳೆ ಬೆಳಿಗ್ಗೆ ದಾರಿಯಲ್ಲಿ ಸಿಕ್ಕಿದರೆ ಇಬ್ಬರಿಗೂ ಮುಖ ತಿರುಗಿಸುವ ಪ್ರಮೇಯ ಇಲ್ಲ. ಮಲಗಾಸಿಗಳಿಗೆ 'ಫಿಹಾವನಾನ' ಅನ್ನುವುದು ಬಹಳ ದೊಡ್ಡ ಮಾತು. 'ಹಾವನ' ಅಂದರೆ ನೆಂಟ. ಊರಿನವರೆಲ್ಲ ನೆಂಟರ ಹಾಗೆ ಹೊಂದಿಕೊಂಡಿರಬೇಕು, ಅದು ಕೆಡಬಾರದು. ಕಾಸು ಹೋದರೆ ಮತ್ತೆ ದುಡಿಯಬಹುದು, ಅದು ಹೋದರೆ ಬರಲ್ಲ ಅನ್ನುವ ಭಾವನೆ. 'ದಯವಿಟ್ಟು', 'ಕ್ಷಮಿಸಿ', 'ಸ್ವಲ್ಪ ದಾರಿ ಬಿಡಿ' ಎಲ್ಲದಕ್ಕೂ ಅವರು ಬಳಸುವುದು 'ಅಜಾಫಾಡಿ' ಅನ್ನುವ ಒಂದೇ ಪದ. ಬಿಡಿಸಿದರೆ 'ಇದು ನಿಷಿದ್ಧ ಆಗದಿರಲಿ' ಅಂತ. ಬಾಯಿ ತೆರೆಯುವ ಮುಂಚೆಯೇ ತಪ್ಪಾಯ್ತು ಅಂದುಬಿಡುವ ಸಂಸ್ಕೃತಿ ಅದು.

ಈ ಬಳಸು ಮಾತಿನ ತುತ್ತತುದಿಯೇ 'ಕಬಾರಿ'. ಮದುವೆ, ಸಾವು, ಪಂಚಾಯಿತಿ, ಯಾವುದೇ ದೊಡ್ಡ ಸಂದರ್ಭದಲ್ಲಿ ಮಾಡುವ ಭಾಷಣಕ್ಕೆ ಈ ಹೆಸರು. ಪದದ ಮೂಲ ಅರಬ್ಬಿಯ 'ಖಬರ್'. ಉತ್ತರ ಕರ್ನಾಟಕದಲ್ಲಿ "ನನಗ ಖಬರಿಲ್ಲ" ಅನ್ನುವಾಗಿನ ಖಬರೇ ಇದು. ಹಡಗು ಹತ್ತಿ ಹಿಂದೂ ಮಹಾಸಾಗರದ ಆ ಕಡೆಗೂ ಹೋಗಿದೆ. ಕಬಾರಿ ಹೇಳುವವನು 'ಎಂಪಿಕಬಾರಿ'. ಅವನು ಎದ್ದು ನಿಂತ ಕೂಡಲೇ ವಿಷಯಕ್ಕೆ ಬರುವುದಿಲ್ಲ. ಮೊದಲು 'ಫಿಯಾಲನ್‌ ಟ್ಸಿನಿ'. 'ಟ್ಸಿನಿ' ಅಂದರೆ ನಮ್ಮ ಹಳ್ಳಿಯವರು "ಮಾತು ಬರುತ್ತೆ" ಅಂತಾರಲ್ಲ, ಅದು. ಯಾರೂ ತನ್ನ ಮೇಲೆ ಮಾತು ತರದ ಹಾಗೆ ಅದನ್ನು ಮೊದಲೇ ಕಳೆದುಕೊಳ್ಳಬೇಕು. ನಾನು ದೊಡ್ಡವನಲ್ಲ, ಹಿರಿಯರು ಇಷ್ಟು ಜನ ಕೂತಿರುವಾಗ ಎದ್ದು ನಿಂತಿದ್ದೇ ತಪ್ಪು, ಆದರೂ ಅಪ್ಪಣೆ ಕೊಡಿ ಅಂತ ಕೇಳಿಕೊಳ್ಳುತ್ತಾ ಹೋಗುತ್ತಾನೆ. ಇದೇ ಎಷ್ಟೋ ಹೊತ್ತು ಹಿಡಿಯುತ್ತದೆ. ಆಮೇಲೆ ನಮಸ್ಕಾರಗಳು. ಸಾಲು ಸಾಲಾಗಿ ಗಾದೆಗಳು. ಆಮೇಲೆ ನಿಧಾನಕ್ಕೆ ವಿಷಯ.

ಹೆಣ್ಣು ಕೇಳುವ ಶಾಸ್ತ್ರದಲ್ಲಂತೂ ಇದು ಜುಗಲ್‌ಬಂದಿಯೇ. ಗಂಡಿನ ಕಡೆಯಿಂದ ಒಬ್ಬ 'ಕೇಳುವವನು', ಹೆಣ್ಣಿನ ಕಡೆಯಿಂದ ಒಬ್ಬ 'ಉತ್ತರ ಕೊಡುವವನು'. ಹುಡುಗಿ ಸಿಗುತ್ತಾಳೆ ಅಂತ ಇಬ್ಬರಿಗೂ ಗೊತ್ತು. ಅಡುಗೆಯೂ ಆಗಿರುತ್ತದೆ. ಆದರೂ ಉತ್ತರ ಕೊಡುವವನು ಕೊಂಕು ಹಿಡಿಯುತ್ತಾನೆ. ಮಾತಿನಲ್ಲಿ ಅಲ್ಲಿ ಎಡವಿದೆ, ಇಲ್ಲಿ ಕ್ರಮ ತಪ್ಪಿದೆ ಅಂತಾನೆ. ಈ ತಪ್ಪು ತೋರಿಸುವುದೂ ನೇರವಾಗಿ ಅಲ್ಲ, ಗಾದೆಯ ಬೆನ್ನ ಹಿಂದೆ ನಿಂತು. ಕೇಳುವವರಿಗೆ ಅದೇ ರಸ.

ವಿನಯವನ್ನು ವ್ಯಾಕರಣದ ಒಳಗೇ ಹೆಣೆದಿಟ್ಟಿರುವ ಭಾಷೆ ಮಲಗಾಸಿ. ನನಗೆ ಬಹಳ ಹಿಡಿಸಿದ್ದು ಈ ಭಾಗ. ಓಕ್ಸ್ ಕೊಟ್ಟ ಉದಾಹರಣೆ ಬಟ್ಟೆ ಒಗೆಯುವುದರದ್ದು. 'ಸಸ' ಅಂದರೆ ತೊಳೆ, ಒಗೆ. ಇದರಿಂದ ಆಜ್ಞೆ ಮಾಡುವ ಪದ ಮೂರು ಥರ ಹುಟ್ಟುತ್ತದೆ. 'ಮನಸಾ' ಅಂದರೆ ಒತ್ತು ಕೇಳುವವನ ಮೇಲೆ: ನೀನು ಒಗಿ. 'ಸಸಾವು' ಅಂದರೆ ಒತ್ತು ಬಟ್ಟೆಯ ಮೇಲೆ: ಬಟ್ಟೆ ಒಗೆದದ್ದಾಗಲಿ. 'ಅನಸಾವು' ಅಂದರೆ ಒತ್ತು ಸಾಬೂನಿನ ಮೇಲೆ: ಈ ಸಾಬೂನಿನಲ್ಲಿ ಬಟ್ಟೆ ಒಗೆಯುವುದಾಗಲಿ. (ಸಾಬೂನಿಗೆ ಅಲ್ಲಿ 'ಸವುನಿ' ಅಂತಾರೆ. ಅದೂ ನಮ್ಮ ಸಾಬೂನಿನ ದೂರದ ದಾಯಾದಿ.) ಕೆಲಸ ಒಂದೇ, ಮಾಡಬೇಕಾದವರೂ ಅವರೇ. ಆದರೆ ಮೊದಲನೆಯದು ಎದೆಗೆ ಬೆರಳಿಟ್ಟು ತೋರಿಸಿದ ಹಾಗೆ. ಮೂರನೆಯದರಲ್ಲಿ ಬೆರಳು ಸಾಬೂನಿನ ಕಡೆ ತಿರುಗಿದೆ. ಮನುಷ್ಯ ಬಚಾವ್. ಮೊದಲನೆಯದು ಒರಟು, ಕೊನೆಯದು ಮೃದು.

ಕನ್ನಡಕ್ಕೆ ಇಂಥ ಮೂರು ರೂಪ ಇಲ್ಲ. ಆದರೆ ಉಪಾಯ ಗೊತ್ತಿಲ್ಲ ಅಂತೇನೂ ಅಲ್ಲ. ಅಂಗಡಿಗೆ ಹೋಗಿ "ಒಂದು ಕೆಜಿ ಸಕ್ಕರೆ ಬೇಕಿತ್ತು" ಅಂತೀವಿ. ಬೇಕಿರುವುದು ಈಗ, ಕ್ರಿಯಾಪದ ಮಾತ್ರ ನಿನ್ನೆಯದು. "ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತು" ಅನ್ನುವಾಗ ಮಾಡುವವನು ಮಾಯ, ಕೆಲಸ ತಾನೇ ಆಗುತ್ತದೆ. ಹೋಗುವಾಗ "ಬರ್ತೀನಿ" ಅಂತೀವಿ. ಗಂಡಸರೂ ಹೆಂಗಸರೂ ಇದನ್ನೆಲ್ಲ ದಿನಾ ಮಾಡುತ್ತಾರೆ.

ಇನ್ನು ವಾಕಿನಂಕರಾಟ್ರದ ಹೆಂಗಸರ ಕಡೆ ಬರೋಣ. ಅವರ ಮಾತಿಗೆ 'ಮಿವಂಟನ' ಅಂತ ಹೆಸರು. ನೆಟ್ಟಗೆ, ನೇರ ಅಂತ ಅರ್ಥ. ಕೋಪ ಬಂದರೆ ಕೋಪ ತೋರಿಸುತ್ತಾರೆ. ಮಕ್ಕಳನ್ನು ಗದರುತ್ತಾರೆ. ಯಾರ ಮನೆಯ ದನ ಬೇಲಿ ದಾಟಿತು ಅಂತ ಹೆಸರು ಹಿಡಿದು ಹೇಳುತ್ತಾರೆ. ಬೇಕಾದ ಸುದ್ದಿಯನ್ನು ಪಟ್ಟಂತ ಕೇಳಿ ತಿಳಿದುಕೊಳ್ಳುತ್ತಾರೆ. ಸಂತೆಯಲ್ಲಿ ಇದು ಎದ್ದು ಕಾಣುತ್ತದೆ. ಸೊಪ್ಪು, ತರಕಾರಿ, ಹಣ್ಣಿನ ವ್ಯಾಪಾರ ಹೆಂಗಸರದು. ಯಾಕೆಂದರೆ ಅಲ್ಲಿ ಚೌಕಾಸಿ ಇದೆ. ಚೌಕಾಸಿ ಅಂದರೆ "ಇಷ್ಟಕ್ಕೆ ಕೊಡು", "ಆಗಲ್ಲ ಹೋಗು" ಅನ್ನುವ ಮಾತು. ಹೆಚ್ಚುಕಮ್ಮಿ ಬೆಲೆ ನಿಗದಿಯಾಗಿರುವ ಸರಕು ಗಂಡಸರ ಪಾಲಿಗೆ. ಅಲ್ಲಿ ಜಗ್ಗಾಟ ಕಡಿಮೆ, ಮಾನ ಉಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಚೆನ್ನಾಗಿದೆ. ಆಹಾ, ಅಲ್ಲಿ ಹೆಂಗಸರಿಗೆ ಎಷ್ಟು ಸ್ವಾತಂತ್ರ್ಯ ಅನ್ನಿಸಬಹುದು. ಆದರೆ ಓಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡಿದರು. ಪಕ್ಕದ ಮನೆಯವನ ಮೇಲೆ ಗಂಡನಿಗೆ ಸಿಟ್ಟಿದೆ ಅಂದುಕೊಳ್ಳಿ. ಅವನು ಬಾಯಿಬಿಡುವಂತಿಲ್ಲ, ಬಿಟ್ಟರೆ ಹೆಸರು ಹೋಗುತ್ತದೆ. ಅವನ ಪರವಾಗಿ ಜಗಳಕ್ಕೆ ಇಳಿಯುವವಳು ಹೆಂಡತಿ. ಅವಳು ಹೋಗಿ ನಾಲ್ಕು ಮಾತು ಅಂದು ಬರುತ್ತಾಳೆ. ವಿಷಯ ಮುಟ್ಟಬೇಕಾದ ಕಡೆ ಮುಟ್ಟಿತು. ಆಮೇಲೆ ಗಂಡ ಹೋಗಿ, ತಗ್ಗಿದ ದನಿಯಲ್ಲಿ, ಎರಡು ಗಾದೆ ಸೇರಿಸಿ, ಸಮಾಧಾನ ಮಾಡುತ್ತಾನೆ. ಊರು ಏನನ್ನುತ್ತದೆ? ಅವನು ಎಂಥ ಸಮಾಧಾನದ ಮನುಷ್ಯ, ಅವಳ ಬಾಯಿ ನೋಡಿ! ಲವಲೇಲ!

ಅಂದರೆ ನೇರ ಮಾತು ಇಲ್ಲದೆ ಆ ಊರು ಒಂದು ದಿನವೂ ನಡೆಯುವುದಿಲ್ಲ. ಸಂತೆ ನಡೆಯಲ್ಲ, ಮಕ್ಕಳು ಹದಕ್ಕೆ ಬರಲ್ಲ, ದನ ಬೇಲಿಯೊಳಗೆ ನಿಲ್ಲಲ್ಲ. ಆ ಕೆಲಸ ಹೆಂಗಸರು ಮಾಡುತ್ತಾರೆ. ಮಾಡಿದ್ದಕ್ಕೆ ಕೆಟ್ಟ ಹೆಸರೂ ಅವರೇ ಹೊರುತ್ತಾರೆ. ಕೊನೆಗೆ, ಹೀಗೆ ನೇರವಾಗಿ ಮಾತಾಡುವವರಿಗೆ ಕಬಾರಿಯ ನಾಜೂಕು ಎಲ್ಲಿ ಬರಬೇಕು ಅಂತ ಹೇಳಿ ದೊಡ್ಡ ಸಭೆಯಲ್ಲಿ ಎದ್ದು ಮಾತಾಡುವ ಹಕ್ಕಿನಿಂದಲೂ ದೂರ ಇಡುತ್ತಾರೆ. ವಿನಯ ಅನ್ನುವುದು ಅಲ್ಲಿ ಬಿಳಿ ಪಂಚೆಯ ಹಾಗೆ. ಉಡುವವನು ಒಬ್ಬ, ಒಗೆಯುವವಳು ಇನ್ನೊಬ್ಬಳು.

ಈಗ ಅಮೆರಿಕ ಮತ್ತು ಮಡಗಾಸ್ಕರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಬಳಸು ಮಾತು ಹೆಂಗಸರದು, ಅದಕ್ಕೆ ಬೆಲೆ ಇಲ್ಲ. ಇನ್ನೊಂದು ಕಡೆ ಅದೇ ಬಳಸು ಮಾತು ಗಂಡಸರದು, ಅದು ದೊಡ್ಡ ಕಲೆ. ಮಾತಿನ ಶೈಲಿ ಅದಲುಬದಲಾದರೂ ತಕ್ಕಡಿ ವಾಲುವ ಕಡೆ ಬದಲಾಗಲಿಲ್ಲ. ಬಳಸು ಮಾತಿನಲ್ಲಿ ಹೆಣ್ಣಿನದು, ದುರ್ಬಲರದು ಅನ್ನುವಂಥ ಗುಣ ಹುಟ್ಟಿನಿಂದ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಲ್ವಾ?

ಅಮೆರಿಕದ ಒಳಗೂ ಈ ಅನುಮಾನ ಗಟ್ಟಿಯಾಯಿತು. ವಿಲಿಯಂ ಒಬಾರ್ ಮತ್ತು ಬೋಮನ್ ಆಟ್ಕಿನ್ಸ್ ಅನ್ನುವವರು ನಾರ್ತ್ ಕ್ಯಾರೊಲಿನಾದ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರ ಮಾತನ್ನು ರೆಕಾರ್ಡ್ ಮಾಡಿ ಕೇಳಿದರು. 1980ರಲ್ಲಿ ಅದರ ಫಲಿತಾಂಶ ಬಂತು. ಲೇಕಾಫ್ 'ಹೆಂಗಸರ ಮಾತು' ಅಂದಿದ್ದ ಲಕ್ಷಣಗಳು ಎಲ್ಲ ಹೆಂಗಸರಲ್ಲೂ ಇರಲಿಲ್ಲ. ಡಾಕ್ಟರಾಗಿ, ಪರಿಣತರಾಗಿ ಸಾಕ್ಷಿ ಹೇಳಲು ಬಂದ ಹೆಂಗಸರ ಮಾತಿನಲ್ಲಿ ಅವು ಕಡಿಮೆ. ಕೆಲಸವಿಲ್ಲದ, ಕೆಳದರ್ಜೆಯ ಕೆಲಸದಲ್ಲಿದ್ದ, ಕೋರ್ಟು ಹೊಸದಾದ ಗಂಡಸರ ಮಾತಿನಲ್ಲಿ ಧಾರಾಳವಾಗಿ ಇದ್ದವು. ಅವರು ಅದಕ್ಕೆ ಕೊಟ್ಟ ಹೆಸರೇ ಬೇರೆ: ಬಲವಿಲ್ಲದವರ ಮಾತು. ನಮ್ಮ ತಾಲೂಕು ಕಚೇರಿಯಲ್ಲಿ ಅರ್ಧ ಗಂಟೆ ನಿಂತರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಊರಲ್ಲಿ ಗುಡುಗುವ ಯಜಮಾನರು ಕೌಂಟರಿನ ಮುಂದೆ "ಸಾರ್, ಅದೊಂದು ಸ್ವಲ್ಪ... ಏನಾಯ್ತು ಅಂತ..." ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಹಾಗಾದರೆ ಬಳಸು ಮಾತೆಲ್ಲ ಒಂದೇ ಅಲ್ಲ. ವಾಕಿನಂಕರಾಟ್ರದ ಮುದುಕ ಬಳಸಿ ಮಾತಾಡುವುದು ತನಗೆ ಮಾತು ಬರುತ್ತದೆ ಅಂತ ತೋರಿಸೋಕೆ. ಕೌಂಟರಿನ ಮುಂದೆ ನಿಂತವನು ಬಳಸುವುದು ಬೇರೆ ದಾರಿ ಇಲ್ಲದೆ.

ಬೇರೆ ದಾರಿ ಇಲ್ಲದ ಬಳಸು ಮಾತಿಗೆ ದಕ್ಷಿಣ ಆಫ್ರಿಕಾದಲ್ಲಿ ಒಂದು ಹೆಸರೇ ಇದೆ, 'ಹ್ಲೋನಿಫ'. ಖೋಸ ಮತ್ತು ಜುಲು ಜನರಲ್ಲಿ ಮದುವೆಯಾಗಿ ಬಂದ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಆ ಹೆಸರಿನ ಅಕ್ಷರಗಳು ಬರುವ ಬೇರೆ ಪದಗಳನ್ನೂ ಹೇಳುವಂತಿಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮಾವ ಹಾಲಪ್ಪ ಆಗಿದ್ದರೆ ಅವಳು ಹಾಲನ್ನು ಹಾಲು ಅನ್ನದೆ 'ಬಿಳೇದು' ಅನ್ನಬೇಕು. ಹೀಗೆ ಹೆಂಗಸರದೇ ಒಂದು ಪದಕೋಶ ಅಲ್ಲಿ ಬೆಳೆದಿದೆ. ಬುದ್ಧಿವಂತಿಕೆ ಬೇಕಾದ ಕೆಲಸ ಇದು, ಕಬಾರಿಗಿಂತ ಸುಲಭ ಏನಲ್ಲ. ಆದರೆ ಇದನ್ನು ಯಾರೂ ವೇದಿಕೆ ಹಾಕಿ ಮೆಚ್ಚುವುದಿಲ್ಲ.

ಗಂಡನ ಹೆಸರು ಹೇಳದ ಅಜ್ಜಿಯರನ್ನು ನಾವೂ ನೋಡಿದ್ದೇವೆ. 'ಇವರು', 'ನಮ್ಮನೆಯವರು', ಮಗನ ಹೆಸರು ಹಿಡಿದು 'ಅವರಪ್ಪ'. ಉತ್ತರ ಕರ್ನಾಟಕದವರು ಮಾತ್ರ ಇದರಲ್ಲೇ ಒಂದು ಆಟ ಮಾಡಿಕೊಂಡರು. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರೆಲ್ಲ ಸುತ್ತ ಕೂತು "ಒಡಪು ಹೇಳು" ಅಂತ ಪೀಡಿಸುತ್ತಾರೆ. "ಹಿತ್ತಲಾಗ ಅರಳ್ಯಾವ ಮಲ್ಲಿಗಿ ಹೂವ, ಬಸವರಾಜ ಅಂದರ ನನಗ ಜೀವ" ಅನ್ನುವ ಥರ ಪ್ರಾಸ ಕೂಡಿಸಿ ಹೆಸರು ಹೇಳಿದರೆ ದೋಷ ಇಲ್ಲ. ಹೆಸರು ಬಾಯಿಗೆ ಬಂತು, ಮರ್ಯಾದೆಯೂ ಉಳಿಯಿತು. ಕಬಾರಿಯ ಅಣ್ಣತಮ್ಮಂದಿರಲ್ಲಿ ಇದನ್ನೂ ಸೇರಿಸಬಹುದು. ವ್ಯತ್ಯಾಸ ಇಷ್ಟೇ, ಒಡಪು ನಡೆಯುವುದು ನಡುಮನೆಯಲ್ಲಿ, ಕಬಾರಿ ನಡೆಯುವುದು ಊರ ಮುಂದೆ.

ಮಡಗಾಸ್ಕರ್‌ನ ಕಥೆಗೆ ಒಂದು ತಿದ್ದುಪಡಿ ಬೇಕು. ಓಕ್ಸ್ ನೋಡಿದ್ದು ಒಂದು ಸೀಮೆಯ ಒಂದು ಹಳ್ಳಿ, ಒಂದು ಕಾಲ. ಕಬಾರಿ ಯಾವತ್ತೂ ಹೆಂಗಸರ ಬಾಯಲ್ಲಿ ಬಂದೇ ಇಲ್ಲ ಅನ್ನೋಕಾಗಲ್ಲ. ಹಿಂದೆ ಬೆಟ್ಟಸೀಮೆಯ ಅರಸರು ಕಾನೂನು ಸಾರುತ್ತಿದ್ದದ್ದೇ ಕಬಾರಿಯ ಮೂಲಕ. 1828ರಿಂದ 1861ರವರೆಗೆ ಆಳಿದ ರಾಣಿ ಮೊದಲನೇ ರಾನವಲೋನ 1835ರಲ್ಲಿ ತನ್ನ ಪ್ರಜೆಗಳು ಕ್ರೈಸ್ತ ಧರ್ಮ ಪಾಲಿಸಬಾರದು ಅಂತ ಆಜ್ಞೆ ಮಾಡಿದಾಗ ಅದು ಹೊರಟಿದ್ದೂ ಕಬಾರಿಯಾಗಿಯೇ. ಸಿಂಹಾಸನದ ಮೇಲೆ ಕೂತವಳ ನಾಲಿಗೆಯನ್ನು ಉದ್ದ ಅನ್ನುವವರು ಯಾರು? ಈಗಂತೂ ಹೆಂಗಸರೂ ಕಬಾರಿ ಕಲಿಯುತ್ತಾರೆ, ವೇದಿಕೆಯಲ್ಲಿ ಹೇಳುತ್ತಾರೆ. 2021ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಕಬಾರಿಯನ್ನು ಸೇರಿಸಿತು.

ಕೊನೆಗೆ ಎತ್ತುಗಳ ವಿಷಯ. ಫ್ರೆಂಚರು 1896ರಲ್ಲಿ ಮಡಗಾಸ್ಕರ್ ಅನ್ನು ವಶಪಡಿಸಿಕೊಂಡು 1960ರವರೆಗೆ ಆಳಿದರು. ಅವರ ಅಧಿಕಾರಿಗಳು ಮಾತಾಡಿದ್ದೇ ಅಪ್ಪಣೆಯ ಭಾಷೆ: ಬಾ, ಹೋಗು, ಎತ್ತು, ಇಳಿಸು. ಬೆರಳೆಲ್ಲ ಎದೆಯ ಕಡೆಗೇ. ಹೀಗಾಗಿ ಫ್ರೆಂಚ್ ಅಂದರೆ ಹುಕುಂ ಮಾಡುವ ಭಾಷೆ ಅನ್ನುವ ಅಭಿಪ್ರಾಯ ಬೆಟ್ಟಸೀಮೆಯ ಹಳ್ಳಿಗಳಲ್ಲಿ ನಿಂತುಬಿಟ್ಟಿತು. ಮನುಷ್ಯರ ಜೊತೆ ಆಡೋಕೆ ಅದು ಸರಿಯಲ್ಲ, ಆದರೆ ಪೂರಾ ಬಿಸಾಡುವಂಥದ್ದೂ ಅಲ್ಲ. ಪಕ್ಕದ ಮನೆಯ ಗುದ್ದಲಿ ಕೇಳೋಕೆ ಅರ್ಧ ಗಂಟೆ ಮಳೆಯ ಸುದ್ದಿ ಹೇಳಿದ ಅದೇ ಮನುಷ್ಯ ಮರುದಿನ ಗಾಡಿ ಕಟ್ಟುತ್ತಾನೆ. ಏರು ದಾರಿಯಲ್ಲಿ ಎತ್ತು ನಿಂತರೆ ಅವನು ಗಾದೆ ಹೇಳುವುದಿಲ್ಲ, ಕ್ಷಮೆ ಕೇಳುವುದಿಲ್ಲ. ನಡಿ ಮುಂದಕ್ಕೆ ಅಂತ ಗದರುತ್ತಾನೆ, ಫ್ರೆಂಚ್‌ನಲ್ಲಿ.